ಏಮಿ ಬೀಚ್ ಸೊನಾಟಾ: ನನ್ನ ಪಿಯಾನೋ ಗೆಳತಿಯ ಪಿಟೀಲನ್ನು ನುಂಗುತ್ತಿದೆಯಂತೆ, ತಪ್ಪು ಯಾರದ್ದು?

ಕಪ್ಪುಬಿಳಿ_ಮನೆ:
ಎಲ್ಲರಿಗೂ ನಮಸ್ಕಾರ. ಒಂದು ಜಗಳ ಬಿಡಿಸಿಕೊಡಿ.

ನಾನು ಪಿಯಾನೋ ನುಡಿಸುತ್ತೇನೆ, ಗೆಳತಿ ಪಿಟೀಲು. ಇಬ್ಬರದೂ ಪಾಶ್ಚಾತ್ಯ ಸಂಗೀತ, ಇಬ್ಬರಿಗೂ ಬೇರೆ ನೌಕರಿ. ಶನಿವಾರ ಸಂಜೆ ನಮ್ಮ ಮನೆಯಲ್ಲಿ ಸೇರುತ್ತೇವೆ. ಬ್ರಾಮ್ಸ್, ಬೀಥೋವನ್ ಬೇಕಾದಷ್ಟಾಯಿತು, ಹೊಸದು ಹಿಡಿಯೋಣ ಅಂತ ಅಮೆರಿಕದ ಸಂಗೀತ ರಚನಕಾರ್ತಿ ಏಮಿ ಬೀಚ್ ಅವರ ಎ ಮೈನರ್ ಶ್ರುತಿಯ ಸೊನಾಟಾ (ಪಿಟೀಲು, ಪಿಯಾನೋ ಎರಡಕ್ಕೂ ಸೇರಿಸಿ ಬರೆದ ದೊಡ್ಡ ಕೃತಿ) ತೆಗೆದುಕೊಂಡೆವು. ಓಪಸ್ (ಕೃತಿ ಸಂಖ್ಯೆ) 34, 1896ರಲ್ಲಿ ಬರೆದದ್ದು. ನಾಲ್ಕು ಭಾಗ, ಅರ್ಧ ಗಂಟೆಯ ಹತ್ತಿರ.

ಶುರು ಎಷ್ಟು ಚೆನ್ನಾಗಿದೆ ಗೊತ್ತಾ? ಪಿಯಾನೋ ಒಂದೇ, ಕೆಳಗಿನ ಸ್ವರಗಳಲ್ಲಿ, ಮೆತ್ತಗೆ. ಯಾರೋ ಕತ್ತಲೆ ಕೋಣೆಯಲ್ಲಿ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡ ಹಾಗೆ. ಆಮೇಲೆ ಪಿಟೀಲು ಬರುತ್ತದೆ. ಎರಡು ಪುಟ ಸುಖವಾಗಿ ಹೋಗುತ್ತದೆ. ಮೂರನೇ ಪುಟದ ಹೊತ್ತಿಗೆ ನನ್ನ ಎರಡು ಕೈಗೂ ಬಿಡುವಿಲ್ಲ. ಕಳೆದ ಶನಿವಾರ ಅವಳು ಕಮಾನು ಕೆಳಗಿಟ್ಟು "ನೀನೊಬ್ಬಳೇ ನುಡಿಸಿಕೋ, ನಾನು ಕಾಫಿ ಮಾಡುತ್ತೇನೆ" ಅಂದಳು.

ನಾನು ಪುಟದಲ್ಲಿ ಇರುವುದನ್ನೇ ನುಡಿಸುತ್ತಿದ್ದೇನೆ. ತಪ್ಪು ಬೀಚಮ್ಮನದಾ, ನನ್ನದಾ, ಪಿಯಾನೋದ್ದಾ? ಇನ್ನೊಂದು ವಿಷಯ. ಹನ್ನೆರಡು ವರ್ಷ ಪಾಠ ಹೇಳಿಸಿಕೊಂಡೆ. ಒಬ್ಬರೂ ಈ ಹೆಸರು ಹೇಳಲಿಲ್ಲವಲ್ಲ, ಯಾಕೆ?

ಶ್ರುತಿ_ತಪ್ಪಿದವ:
ಕಾಫಿ ಹೇಗಿತ್ತು ಮೇಡಂ?

ಅರೆಪಿಟೀಲು:
ಪಿಟೀಲಿನವಳ ಕಡೆಗೆ ನನ್ನ ಮತ. ಪಿಯಾನೋದವರೆಲ್ಲ ಒಂದೇ. "ಪುಟದಲ್ಲಿ ಹಾಗೇ ಇದೆ" ಅನ್ನುತ್ತಾರೆ. ಪುಟದಲ್ಲಿ ಇಬ್ಬರಿಗೂ "ಫೋರ್ಟೆ" (ಜೋರಾಗಿ) ಅಂತ ಬರೆದಿರುತ್ತದೆ, ಸರಿ. ಆದರೆ ನಾಲ್ಕು ತಂತಿಯ ಫೋರ್ಟೆ ಬೇರೆ, ಇನ್ನೂರಕ್ಕೂ ಜಾಸ್ತಿ ತಂತಿ ಇರುವ ಪೆಟ್ಟಿಗೆಯ ಫೋರ್ಟೆ ಬೇರೆ. ಪಕ್ಕವಾದ್ಯ ಪಕ್ಕವಾದ್ಯದ ಹಾಗೆ ಇರಬೇಕು.

ತಾತನ_ಗ್ರಾಮಫೋನ್:
ಪಕ್ಕವಾದ್ಯ ಅಂದಿರಲ್ಲ, ಎಡವಟ್ಟು ಅಲ್ಲೇ ಇದೆ. ನಮ್ಮ ಕಛೇರಿಯಲ್ಲಿ ಹಾಡುವವರು ಮುಂದೆ, ಪಿಟೀಲು ಪಕ್ಕ. ಅದೇ ಲೆಕ್ಕ ಸೊನಾಟಾಕ್ಕೆ ಹಾಕಿದರೆ ಕೆಟ್ಟಿತು. ಬೀಥೋವನ್ ಕಾಲದ ಮುಖಪುಟ ನೋಡಿ, "ಪಿಯಾನೋ ಮತ್ತು ಪಿಟೀಲಿಗಾಗಿ" ಅಂತ ಪಿಯಾನೋದ ಹೆಸರೇ ಮೊದಲು. ಬೀಚ್ ಹೊತ್ತಿಗೆ ಇಬ್ಬರದೂ ಸಮಪಾಲು. ಪಕ್ಕವಾದ್ಯ ಅಲ್ಲ, ಜುಗಲ್‌ಬಂದಿ ಅನ್ನಿ ಬೇಕಾದರೆ.

ಬೀಚ್ ಸ್ವತಃ ಪಿಯಾನೋದವರು ಅನ್ನೋದನ್ನೂ ಮರೆಯಬೇಡಿ. 16ನೇ ವಯಸ್ಸಿಗೆ, 1883ರಲ್ಲಿ, ಬಾಸ್ಟನ್ನಿನಲ್ಲಿ ಮೊದಲ ಸಾರ್ವಜನಿಕ ಕಛೇರಿ. ಎರಡು ವರ್ಷಕ್ಕೆ ಬಾಸ್ಟನ್ ಸಿಂಫನಿ ವಾದ್ಯವೃಂದದ ಜೊತೆ ಶೋಪಾನ್‌ನ ಎಫ್ ಮೈನರ್ ಕಂಚೆರ್ಟೊ. ಈ ಸೊನಾಟಾ ಮೊದಲು ಕೇಳಿಸಿದ್ದು 1897ರ ಜನವರಿ 4ರಂದು, ಬಾಸ್ಟನ್ನಿನಲ್ಲಿ. ಪಿಯಾನೋಗೆ ಅವರೇ ಕೂತಿದ್ದರು. ಪಿಟೀಲು ಫ್ರಾನ್ಜ್ ಕ್ನೈಸೆಲ್. ಬಾಸ್ಟನ್ ಸಿಂಫನಿಯ ಮೊದಲ ಪಿಟೀಲು ಆತ, ಸ್ವಂತ ಕ್ವಾರ್ಟೆಟ್ (ನಾಲ್ವರ ತಂಡ) ಬೇರೆ ಇತ್ತು. ಇಬ್ಬರೂ ಗಟ್ಟಿ ಕುಳಗಳು. ಅಂಥ ಇಬ್ಬರು ಎದುರುಬದುರು ನಿಂತು ನುಡಿಸಲಿ ಅಂತ ಬರೆದದ್ದು ಇದು.

ಅರೆಪಿಟೀಲು:
ಸರ್, ಜುಗಲ್‌ಬಂದಿಯಲ್ಲೂ ಒಬ್ಬರು ಇನ್ನೊಬ್ಬರಿಗೆ ಜಾಗ ಬಿಡುತ್ತಾರೆ.

ತಾತನ_ಗ್ರಾಮಫೋನ್:
ಬಿಡುತ್ತಾರೆ. ಒಪ್ಪಿದೆ.

ಸುಮ್ನೆ_ಓದೋಳು:
ನನಗೆ ಸಂಗೀತ ಅಷ್ಟು ಗೊತ್ತಿಲ್ಲ. ಆದರೆ ಎಲ್ಲ ಕಡೆ "ಮಿಸೆಸ್ ಎಚ್.ಎಚ್.ಎ. ಬೀಚ್" ಅಂತ ಕಾಣುತ್ತದೆ. ಅವರ ಹೆಸರು ಏಮಿ ತಾನೇ? ಎಚ್.ಎಚ್.ಎ. ಯಾರು?

ಬಾಸ್ಟನ್_ಬಿಸಿಬೇಳೆ:
ಗಂಡ. ಹೆನ್ರಿ ಹ್ಯಾರಿಸ್ ಆಬ್ರಿ ಬೀಚ್, ಬಾಸ್ಟನ್ನಿನ ಶಸ್ತ್ರವೈದ್ಯ. 1885ರಲ್ಲಿ ಮದುವೆ ಆದಾಗ ಈಕೆಗೆ 18, ಆತ 24 ವರ್ಷ ದೊಡ್ಡವನು. ಆಮೇಲೆ ಕಛೇರಿಗಳು ವರ್ಷಕ್ಕೆ ಒಂದೋ ಎರಡೋ ಆದವು. ಬಂದ ದುಡ್ಡು ದಾನಕ್ಕೆ. ಡಾಕ್ಟರ ಹೆಂಡತಿ ದುಡ್ಡಿಗೆ ಪಿಯಾನೋ ನುಡಿಸಿದರೆ ಮನೆತನದ ಗತಿ ಏನು, ಅಲ್ವಾ!

ನಾನಿರುವುದು ಈ ಊರಿನ ಹೊರಭಾಗದಲ್ಲೇ. ಚಾರ್ಲ್ಸ್ ನದಿಯ ದಂಡೆಯಲ್ಲಿ ಹ್ಯಾಚ್ ಶೆಲ್ ಅಂತ ಬಯಲು ವೇದಿಕೆ ಇದೆ. ಅದರ ಮೇಲೆ ಸಂಗೀತಗಾರರ ಹೆಸರುಗಳನ್ನು ಸಾಲಾಗಿ ಹಾಕಿದ್ದಾರೆ. ಗಂಡಸರದ್ದೇ ದರ್ಬಾರು. 2000ದಲ್ಲಿ ಬೀಚ್ ಹೆಸರು ಸೇರಿಸಿದರು. ಅಲ್ಲಿ ಸೇರಿದ ಮೊದಲ ಹೆಂಗಸು ಇವರೇ. ಬೇಸಿಗೆಯಲ್ಲಿ ಚಾಪೆ, ಬುತ್ತಿ ತೆಗೆದುಕೊಂಡು ಕಛೇರಿ ಕೇಳಲು ಹೋಗುತ್ತೇವೆ. ಮಗಳಿಗೆ ಆ ಹೆಸರು ತೋರಿಸಿದೆ. "ಬೀಚ್ ಅಂದರೆ ಸಮುದ್ರ ಅಲ್ವಾ ಅಮ್ಮ" ಅಂದಳು.

ಮೆಣಸಿನಕಾಯಿ_ಬಜ್ಜಿ:
ಅಂದರೆ ಗಂಡ ಕೈ ಕಟ್ಟಿಹಾಕಿದ. ಮಾಮೂಲಿ ಕಥೆ. ಅವನಿಲ್ಲದಿದ್ದರೆ ಇನ್ನೂ ನೂರು ಕೃತಿ ಬರೆಯುತ್ತಿದ್ದರು.

ತಾತನ_ಗ್ರಾಮಫೋನ್:
ಅಷ್ಟು ಸಲೀಸಲ್ಲ. ಕಛೇರಿ ಕಡಿಮೆ ಮಾಡಿಸಿದ, ನಿಜ. ಆದರೆ "ಬರೆ, ದೊಡ್ಡದು ಬರೆ" ಅಂತ ಹಿಂದೆ ಬಿದ್ದವನೂ ಅವನೇ. ಊರೂರು ಸುತ್ತುವ ಪಿಯಾನೋಗಾರ್ತಿ ಆಗಿದ್ದರೆ 1896ರಲ್ಲಿ ಒಂದೇ ವರ್ಷ ಗೇಲಿಕ್ ಸಿಂಫನಿ ಅನ್ನೋ ದೊಡ್ಡ ವಾದ್ಯವೃಂದ ಕೃತಿ ಕೇಳಿಸಿ, ಈ ಸೊನಾಟಾವನ್ನೂ ಬರೆಯಲು ಪುರಸೊತ್ತು ಎಲ್ಲಿ ಸಿಗುತ್ತಿತ್ತು?

ಮೆಣಸಿನಕಾಯಿ_ಬಜ್ಜಿ:
ಪಂಜರ ದೊಡ್ಡದಾಗಿತ್ತು, ಕಾಳು ಚೆನ್ನಾಗಿ ಹಾಕುತ್ತಿದ್ದ ಅಂತೀರಾ? ಹಾಗಿದ್ದರೆ 1910ರಲ್ಲಿ ಗಂಡ ಸತ್ತು, ಮರುವರ್ಷ ತಾಯಿಯೂ ಹೋದ ಮೇಲೆ ಹಡಗು ಹತ್ತಿ ಯುರೋಪಿಗೆ ಹೋಗಿ ಮೂರು ವರ್ಷ ಕಛೇರಿ ಮಾಡಿದ್ದು ಯಾಕೆ? ಒಳಗೆ ಆಸೆ ಇತ್ತು ಅಂತ ತಾನೇ?

ಇನ್ನೊಂದು ಹೇಳಲಾ? ಸಂಗೀತ ರಚನೆಗೆ ಗುರು ಬೇಡ ಅಂದದ್ದೂ ಅದೇ ಗಂಡ. ಗುರು ಸಿಕ್ಕಿದರೆ ಸ್ವಂತಿಕೆ ಹಾಳಾಗುತ್ತದಂತೆ! ಅವರು ತಾವೇ ಪುಸ್ತಕ ಹಿಡಿದು ಕೂತರು. ವಾದ್ಯವೃಂದಕ್ಕೆ ಬರೆಯುವುದು ಹೇಗೆ ಅಂತ ತಿಳಿಯಲು ಬರ್ಲಿಯೋಜ್ ಬರೆದ ಫ್ರೆಂಚ್ ಗ್ರಂಥವನ್ನು ತಾವೇ ಅನುವಾದ ಮಾಡಿಕೊಂಡು ಓದಿದರು. ಏಕಲವ್ಯನ ಪಾಡು. ಅವನಿಗೆ ಮಣ್ಣಿನ ದ್ರೋಣನಾದರೂ ಇದ್ದ.

ತಾತನ_ಗ್ರಾಮಫೋನ್:
ಈ ಏಟಿಗೆ ಉತ್ತರ ಇಲ್ಲ. ಕೂತುಕೊಂಡೆ.

ಬಾಸ್ಟನ್_ಬಿಸಿಬೇಳೆ:
ಗುರು ಇಲ್ಲದೆ ಕಲಿತವರನ್ನೇ ಊರಿನ ಪಂಡಿತರು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡರು ಅನ್ನೋದು ನೋಡಿ ಮಜಾ. ಗೇಲಿಕ್ ಸಿಂಫನಿ ಕೇಳಿ ಬಾಸ್ಟನ್ನಿನ ಸಂಗೀತ ರಚನಕಾರ ಜಾರ್ಜ್ ಚ್ಯಾಡ್‌ವಿಕ್ ಪತ್ರ ಬರೆದ. ಇನ್ನು ನೀವೂ ನಮ್ಮ ಹುಡುಗರಲ್ಲಿ ಒಬ್ಬರು ಅನ್ನೋ ಅರ್ಥದಲ್ಲಿ. ಹೊಗಳಿಕೆಯೇ. ಆದರೆ ಹೊಗಳಲು ಹುಡುಗನ ವೇಷ ಹಾಕಬೇಕಾಯಿತು.

ನೆಟ್ಟಗೆ_ಹೇಳ್ತೀನಿ:
ಬೈದುಕೊಳ್ಳಬೇಡಿ, ನನಗನ್ನಿಸಿದ್ದು ಹೇಳುತ್ತೇನೆ. ನಿನ್ನೆ ರಾತ್ರಿ ಪೂರ್ತಿ ಕೇಳಿದೆ. ಬ್ರಾಮ್ಸ್ ನೆರಳು ದಟ್ಟವಾಗಿದೆ. ಬ್ರಾಮ್ಸ್ ಇದ್ದಾಗ ಇದು ಯಾಕೆ? ಹೆಂಗಸು ಬರೆದದ್ದು ಅಂತ ಈಗ ಎಲ್ಲರೂ ಎತ್ತಿ ಆಡಿಸುತ್ತಿದ್ದಾರೆ ಅಷ್ಟೇ. ಕ್ಲಾರಾ ಶೂಮನ್ ಪಿಟೀಲು ಸೊನಾಟಾ ಇದಕ್ಕಿಂತ ಚೆನ್ನಾಗಿದೆ.

ಧಾರವಾಡ_ಪೇಡ:
ಕ್ಲಾರಾ ಪಿಟೀಲು ಸೊನಾಟಾ ಬರೆದಿಲ್ಲರೀ. 1853ರಲ್ಲಿ ಬರೆದದ್ದು ಮೂರು ರೊಮಾನ್ಸ್, ಓಪಸ್ 22, ಆ ಕಾಲದ ದೊಡ್ಡ ಪಿಟೀಲುಗಾರ ಯೋಸೆಫ್ ಯೋಆಕಿಮ್‌ಗೆ ಅರ್ಪಣೆ. ಮೂರೂ ಸೇರಿ ಹತ್ತು ನಿಮಿಷ. ಬಲು ಚಂದ. ಆದರೆ ಮೂರು ಭಾವಗೀತೆಯನ್ನು ಒಂದು ಕಾದಂಬರಿ ಜೊತೆ ತೂಗಿದ ಹಾಗಾಯಿತು.

ಸೊನಾಟಾನೇ ಬೇಕು ಅಂದರೆ ಲೂಯಿಸ್ ಫರಾಂಕ್ ಕೇಳಿ, ಪ್ಯಾರಿಸ್ಸಿನವರು. ಎರಡು ಬರೆದಿದ್ದಾರೆ. ಅಲ್ಲಿನ ಕನ್ಸರ್ವೇಟರಿಯಲ್ಲಿ 1842ರಿಂದ 30 ವರ್ಷ ಪಿಯಾನೋ ಪ್ರೊಫೆಸರ್. ಸಂಬಳ ಮಾತ್ರ ಗಂಡಸರಿಗಿಂತ ಕಡಿಮೆ. ಜಗ್ಗಲಿಲ್ಲ, ಕೇಳಿ ಕೇಳಿ 1850ರಲ್ಲಿ ಸರಿಸಮ ಮಾಡಿಸಿಕೊಂಡರು. ಆಮೇಲೆ ಎಥೆಲ್ ಸ್ಮಿತ್, ಇಂಗ್ಲೆಂಡಿನವರು, ಲೈಪ್‌ಜಿಗ್‌ನಲ್ಲಿ ಕಲಿತವರು. ಅವರ ಪಿಟೀಲು ಸೊನಾಟಾ 1887ರದು. ಅದೂ ಎ ಮೈನರ್ರೇ! ಅದರ ಮೂರನೇ ಭಾಗದ ತಲೆಯ ಮೇಲೆ ಇಟಲಿಯ ಕವಿ ದಾಂತೆಯ ಸಾಲು ಇದೆ. ಕಷ್ಟದಲ್ಲಿದ್ದಾಗ ಸುಖದ ದಿನ ನೆನೆಸಿಕೊಳ್ಳುವುದಕ್ಕಿಂತ ದೊಡ್ಡ ನೋವಿಲ್ಲ ಅಂತ. ಬೀಚ್ ಅವರ ಮೂರನೇ ಭಾಗದ ಹೆಸರು ಏನು ಹೇಳಿ? "ಲಾರ್ಗೊ ಕಾನ್ ದೊಲೋರೆ". ನಿಧಾನವಾಗಿ, ನೋವಿನಿಂದ. ಒಂಬತ್ತು ವರ್ಷದ ಅಂತರದಲ್ಲಿ ಇಬ್ಬರು ಹೆಂಗಸರು, ಅದೇ ಶ್ರುತಿ, ಅದೇ ಮೂರನೇ ಭಾಗ, ಅದೇ "ದೊಲೋರೆ" ಶಬ್ದ. ಸುಮ್ನೆ ಕಾಕತಾಳೀಯ, ಗೊತ್ತು. ಆದರೂ ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ.

ನೆಟ್ಟಗೆ_ಹೇಳ್ತೀನಿ:
ಕ್ಲಾರಾ ವಿಷಯ ತಪ್ಪಾಯಿತು, ಒಪ್ಪಿದೆ. ಬ್ರಾಮ್ಸ್ ವಿಷಯ ಬಿಡುವುದಿಲ್ಲ.

ಧಾರವಾಡ_ಪೇಡ:
ಬಿಡಬೇಡಿ. ಬ್ರಾಮ್ಸ್ ಕೇಳಿ ಬೆಳೆದವರು ಬ್ರಾಮ್ಸ್ ಹಾಗೆ ಬರೆಯದೆ ಇನ್ನು ಹೇಗೆ ಬರೆಯಬೇಕು? ಆದರೆ ಎರಡನೇ ಭಾಗ ಕೇಳಿದಿರಾ? ಸ್ಕೆರ್ಟ್ಸೊ, ಚುರುಕು ಓಟದ ತುಂಡು. ಸಾಮಾನ್ಯವಾಗಿ ಸ್ಕೆರ್ಟ್ಸೊ ಅಂದರೆ ಮೂರರ ಎಣಿಕೆ. ಇವರು ಎರಡರ ಎಣಿಕೆಯಲ್ಲಿ ಓಡಿಸುತ್ತಾರೆ, ಅಳಿಲು ಕಾಂಪೌಂಡ್ ಮೇಲೆ ಓಡಿದ ಹಾಗೆ. ನಡುವೆ ಒಂದು ನಿಧಾನದ ಭಾಗ ಬರುತ್ತದೆ. ಅಲ್ಲಿ ಪಿಟೀಲು ತನ್ನ ತೀರಾ ಕೆಳಗಿನ ಜಿ ತಂತಿಯ ಸ್ವರ ಹಿಡಿದು ನಿಂತುಬಿಡುತ್ತದೆ. ರಾಗವೆಲ್ಲ ಪಿಯಾನೋದ್ದು.

ಶ್ರುತಿ_ತಪ್ಪಿದವ:
ಅಂದರೆ ಪಿಟೀಲಿಗೆ ತಂಬೂರಿ ಕೆಲಸ!

ಧಾರವಾಡ_ಪೇಡ:
ಅದನ್ನೇ ಹೇಳಲು ಹೊರಟಿದ್ದೆ, ಕಸಿದುಕೊಂಡಿರಿ. ಮೊದಲ ಸಲ ಕೇಳಿದಾಗ ಮೈ ಜುಮ್ ಅಂದಿತು. ಬಾಸ್ಟನ್ನಿನವರಿಗೆ ನಮ್ಮ ಆಧಾರ ಷಡ್ಜ ಗೊತ್ತಿರಲು ಸಾಧ್ಯವಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಿಡಿದು ನಿಂತ ಸ್ವರದ ಮೇಲೆ ಬೇರೆ ಸ್ವರ ಓಡಾಡಿದರೆ ಕಿವಿಗೆ ಏನೋ ಆಗುತ್ತದೆ, ಅಷ್ಟೇ. ಆದರೆ ಗಮಕ ಹುಡುಕಬೇಡಿ ಅಲ್ಲಿ. ನಮ್ಮ ಅಣ್ಣ ಹುಡುಕಿ ಸುಸ್ತಾದ.

ಕಪ್ಪುಬಿಳಿ_ಮನೆ:
ನನ್ನ ಪ್ರಶ್ನೆ ಎಲ್ಲೋ ಹೋಯಿತು. ಆದರೂ ಓದಲು ಮಜಾ ಬರುತ್ತಿದೆ. ಎರಡನೇ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಈ ಹೆಸರು ನಮಗೆ ಯಾಕೆ ತಲುಪಲಿಲ್ಲ?

ಮೆಣಸಿನಕಾಯಿ_ಬಜ್ಜಿ:
ಒಂದು ಕಾರಣ ನಾನು ಹೇಳುತ್ತೇನೆ. 1892ರಲ್ಲಿ ಚೆಕ್ ಸಂಗೀತ ರಚನಕಾರ ಡ್ವೋರ್ಜಾಕ್ ಅಮೆರಿಕಕ್ಕೆ ಬಂದವರು ಪತ್ರಿಕೆಯವರಿಗೆ ಏನು ಹೇಳಿದರು ಗೊತ್ತಾ? ಇಲ್ಲಿ ಹೆಂಗಸರೆಲ್ಲ ನುಡಿಸುತ್ತಾರೆ, ಒಳ್ಳೆಯದೇ, ಆದರೆ ಸೃಷ್ಟಿ ಮಾಡುವ ಶಕ್ತಿ ಅವರಿಗಿಲ್ಲ ಅಂತ. ಅಷ್ಟು ದೊಡ್ಡವರೇ ಹಾಗಂದರೆ ಊರ ಮೇಷ್ಟ್ರುಗಳ ಕಥೆ ಕೇಳಬೇಕಾ? ನಾಲ್ಕು ವರ್ಷಕ್ಕೆ ಬಾಸ್ಟನ್ ಸಿಂಫನಿಯೇ ಬೀಚ್ ಅವರ ಸಿಂಫನಿ ನುಡಿಸಿತು.

ತಾತನ_ಗ್ರಾಮಫೋನ್:
ಅದೊಂದೇ ಅಲ್ಲ. ಬರೆದ ಕಾಲದಲ್ಲಿ ಈ ಸೊನಾಟಾ ಮೂಲೆಗುಂಪಾಗಿರಲಿಲ್ಲ. ಆರ್ಥರ್ ಪಿ. ಷ್ಮಿಟ್ ಅನ್ನೋ ಬಾಸ್ಟನ್ ಪ್ರಕಾಶಕ 1899ರಲ್ಲಿ ಅಚ್ಚು ಹಾಕಿದ. ಅದೇ ವರ್ಷ ಬರ್ಲಿನ್ನಿನಲ್ಲಿ ತೆರೇಸಾ ಕರೇನ್ಯೊ ಪಿಯಾನೋಗೆ ಕೂತು ಕಾರ್ಲ್ ಹಾಲಿರ್ ಜೊತೆ ನುಡಿಸಿದರು. ವೆನೆಜುವೆಲಾದ ಕರೇನ್ಯೊ ಅಂದರೆ ಆ ಕಾಲದ ಹುಲಿ. ಇದನ್ನು ಅಭ್ಯಾಸ ಮಾಡುವುದೇ ಎಂಥ ಖುಷಿ ಅಂತ ಬೀಚ್‌ಗೆ ಪತ್ರವನ್ನೂ ಬರೆದರು.

ಆಮೇಲೆ ರುಚಿ ಬದಲಾಯಿತು. ಸ್ಟ್ರಾವಿನ್‌ಸ್ಕಿ ಬಂದ, ಶೋನ್‌ಬರ್ಗ್ ಬಂದ. ಬೀಚ್ 1944ರವರೆಗೆ ಬದುಕಿದ್ದರು. ಅಷ್ಟು ಹೊತ್ತಿಗೆ ಇಂಥ ಸಂಗೀತ ಅಜ್ಜಿಯ ಟ್ರಂಕಿನ ಸೀರೆ ಆಗಿತ್ತು. ಬ್ರಾಮ್ಸ್, ಸೆಜಾರ್ ಫ್ರಾಂಕ್ ಸೀರೆಗಳನ್ನು ಮಾತ್ರ ಹೊರಗೆ ತೆಗೆದು ಮಡಿಕೆ ಬದಲಿಸುತ್ತಿದ್ದರು. ಇದು ಟ್ರಂಕಿನ ತಳದಲ್ಲೇ ಉಳಿಯಿತು. 1977ರಲ್ಲಿ ಜೋಸೆಫ್ ಸಿಲ್ವರ್‌ಸ್ಟೀನ್ ಮತ್ತು ಗಿಲ್ಬರ್ಟ್ ಕ್ಯಾಲಿಷ್ ರೆಕಾರ್ಡ್ ಮಾಡಿದ ಮೇಲೆ ಮತ್ತೆ ಜನ ಕೇಳಲು ಶುರು ಮಾಡಿದರು. ಸಿಲ್ವರ್‌ಸ್ಟೀನ್ ಕೂಡ ಬಾಸ್ಟನ್ ಸಿಂಫನಿಯ ಮೊದಲ ಪಿಟೀಲೇ. ಕ್ನೈಸೆಲ್ ಕೂತ ಅದೇ ಕುರ್ಚಿ.

ಮಲ್ಲೇಶ್ವರದ_ಮಳೆ:
ದುಡ್ಡು ಹಾಕುವವರೂ ಬೇಕಲ್ಲ. ನಮ್ಮ ಜಯಚಾಮರಾಜ ಒಡೆಯರ್ ಅವರು ಮೆಟ್ನರ್ ಅನ್ನೋ ರಷ್ಯಾದ ಸಂಗೀತಗಾರರನ್ನು ಮೆಚ್ಚಿಕೊಂಡು ಲಂಡನ್ನಿನಲ್ಲಿ ಅವರ ಕೃತಿಗಳ ರೆಕಾರ್ಡಿಂಗಿಗೆ ಖರ್ಚು ಕೊಟ್ಟರು. ಮುದುಕರೇ ಪಿಯಾನೋ ನುಡಿಸಿ ಧ್ವನಿಮುದ್ರಣ ಮಾಡಿಟ್ಟು ಹೋದರು.

ನೆಟ್ಟಗೆ_ಹೇಳ್ತೀನಿ:
ಮೈಸೂರು ಇಲ್ಲಿಗೆ ಬಾರದೆ ಯಾವ ಚರ್ಚೆಯೂ ಮುಗಿಯುವುದಿಲ್ಲ. ಬೀಚ್‌ಗೂ ಇದಕ್ಕೂ ಏನು ಸಂಬಂಧ?

ಮಲ್ಲೇಶ್ವರದ_ಮಳೆ:
ಏನೂ ಇಲ್ಲ. ಹೊಟ್ಟೆಕಿಚ್ಚಿಗೆ ಹೇಳಿದೆ. ಬೀಚ್‌ಗೆ ಒಬ್ಬ ಮಹಾರಾಜ ಸಿಗಲಿಲ್ಲ. ಅವರೇ ನುಡಿಸಿದ ಈ ಸೊನಾಟಾ ಒಂದು ರೆಕಾರ್ಡ್ ಆಗಿ ನನ್ನ ಕೈಗೆ ಸಿಕ್ಕಿದ್ದರೆ ಈ ಜಗಳಕ್ಕೆ ಅರ್ಧ ಗಂಟೆಯಲ್ಲಿ ತೀರ್ಪು ಆಗುತ್ತಿತ್ತು.

ಕಮಾನು_ಕೆಳಗಿಟ್ಟವಳು:
ನಾನೇ ಆ ಪಿಟೀಲಿನವಳು. ಇದಕ್ಕೆಂದೇ ಖಾತೆ ತೆರೆದೆ. ಕಾಫಿ ಚೆನ್ನಾಗಿತ್ತು.

ನಾನು ಹೇಳಿದ್ದನ್ನು ಅವಳು ಅರ್ಧ ಬರೆದಿದ್ದಾಳೆ. ಜೋರಾಗಿದೆ ಅಂತ ನಾನು ಬೈದದ್ದಲ್ಲ. ಜೋರಾಗಿರಬೇಕಾದ ಕಡೆ ಜೋರಾಗಿರಲಿ. ಕೊನೆಯ ಭಾಗದಲ್ಲಿ ನಮ್ಮಿಬ್ಬರ ನಡುವೆ ಒಂದು ಫ್ಯೂಗ್ ತುಂಡು ಬರುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹಿಡಿದು ಓಡುವುದು. ಅಲ್ಲಿ ಅವಳು ಗುಡುಗಿದರೂ ನನಗೆ ಸಂತೋಷ. ನನ್ನ ತಕರಾರು ಮೊದಲ ಭಾಗದ್ದು. ನಾನು ಕೆಳಗಿನ ತಂತಿಯಲ್ಲಿ ಹಾಡುತ್ತಿರುವಾಗ ಅವಳ ಎಡಗೈ ಅದೇ ಜಾಗಕ್ಕೆ ಬಂದು ಕೂರುತ್ತದೆ. ಅದರ ಜೊತೆಗೆ ಸ್ವರಗಳನ್ನು ಎಳೆದು ನಿಲ್ಲಿಸುವ ಪೆಡಲ್ ಬೇರೆ ಒತ್ತಿ ಹಿಡಿದಿರುತ್ತಾಳೆ. ಆಗ ನನ್ನ ಸ್ವರ ನನಗೇ ಕೇಳುವುದಿಲ್ಲ. ನಾನು ಕಮಾನು ಒತ್ತುತ್ತೇನೆ, ದನಿ ಗೊಗ್ಗರಾಗುತ್ತದೆ. ಆಮೇಲೆ "ನಿನ್ನ ಟೋನ್ ಯಾಕೆ ಹೀಗೆ" ಅಂತ ಇವಳೇ ಕೇಳುತ್ತಾಳೆ!

ಕಪ್ಪುಬಿಳಿ_ಮನೆ:
ಇದನ್ನು ಶನಿವಾರವೇ ಹೇಳಬಹುದಿತ್ತಲ್ಲೇ.

ಕಮಾನು_ಕೆಳಗಿಟ್ಟವಳು:
ಹೇಳಿದೆ. ನೀನು ನುಡಿಸುತ್ತಿದ್ದೆ.

ಶ್ರುತಿ_ತಪ್ಪಿದವ:
😂😂 ಇವತ್ತಿನ ಊಟ ಜೀರ್ಣ ಆಯಿತು.

ಅರೆಪಿಟೀಲು:
ಈಗ ವಿಷಯ ಬಿತ್ತು ನೋಡಿ. 1897ರಲ್ಲಿ ಕ್ನೈಸೆಲ್ ಕಾಲದ ಪಿಟೀಲಿಗೆ ಕರುಳಿನ ತಂತಿ, ಉಕ್ಕಿನದು ಇನ್ನೂ ರೂಢಿಗೆ ಬಂದಿರಲಿಲ್ಲ. ಪಿಯಾನೋ ಮಾತ್ರ ಆಗಲೇ ಕಬ್ಬಿಣದ ಚೌಕಟ್ಟಿನ ದೊಡ್ಡ ಯಂತ್ರ. ಅಂದರೆ ಈ ಕಷ್ಟ ಅವರಿಗೂ ಇತ್ತು. ಹಾಗಿದ್ದರೂ ನಡೆಯಿತು ಅಂದರೆ ಬೀಚ್ ಕೈಯಲ್ಲಿ ಹದ ಇತ್ತು ಅಂತ.

ನಮ್ಮ ಗುರುಗಳು ಹೇಳಿಕೊಟ್ಟ ಕ್ರಮ ಹೇಳುತ್ತೇನೆ. ಮೊದಲು ಪಿಯಾನೋದವರು ಎಡಗೈ ಒಂದನ್ನೇ ಪಿಟೀಲಿನ ಜೊತೆ ನುಡಿಸಲಿ, ಪೆಡಲ್ ಇಲ್ಲದೆ. ಪಿಟೀಲು ಪೂರ್ತಿ ಕೇಳುವಷ್ಟಕ್ಕೆ ತಗ್ಗಿಸಲಿ. ಆಮೇಲೆ ಬಲಗೈ ಸೇರಿಸಲಿ. ಪೆಡಲ್ ಕೊನೆಗೆ, ಅದೂ ಹಾರ್ಮನಿ (ಸ್ವರಗುಚ್ಛ) ಬದಲಾದ ಹಾಗೆ ಬದಲಾಗುತ್ತಾ ಇರಲಿ. ಅರ್ಧಕ್ಕರ್ಧ ಜಗಳ ಎಡಗೈಯಲ್ಲೇ ಮುಗಿಯುತ್ತದೆ. ಪಿಯಾನೋ ಯಾವುದು, ಗ್ರ್ಯಾಂಡಾ?

ಕಪ್ಪುಬಿಳಿ_ಮನೆ:
ಎಲ್ಲಿಯ ಗ್ರ್ಯಾಂಡು! ಗೋಡೆಗೆ ಒರಗಿಸಿದ ಅಪ್‌ರೈಟ್. ಮೇಲಿನ ಮುಚ್ಚಳ ತೆಗೆದೇ ಇಟ್ಟಿರುತ್ತೇನೆ, ನನಗೆ ಚೆನ್ನಾಗಿ ಕೇಳಲಿ ಅಂತ.

ಅರೆಪಿಟೀಲು:
ಅಮ್ಮಾ ತಾಯಿ. ಮುಚ್ಚಳ ಮುಚ್ಚಿ ಮೊದಲು.

ಸುಮ್ನೆ_ಓದೋಳು:
ಒಂದು ಓದಿದೆ, ಹಂಚಿಕೊಳ್ಳುತ್ತೇನೆ. ಬೀಚ್‌ಗೆ ಒಂದೊಂದು ಶ್ರುತಿಯೂ ಒಂದೊಂದು ಬಣ್ಣವಾಗಿ ಕಾಣುತ್ತಿತ್ತಂತೆ. ಸಿ ಬಿಳಿ, ಇ ಹಳದಿ, ಜಿ ಕೆಂಪು, ಎ ಹಸಿರು. ನಾಲ್ಕು ವರ್ಷದ ಮಗು, ಅಜ್ಜನ ತೋಟದ ಮನೆಯಲ್ಲಿ ಪಿಯಾನೋ ಇಲ್ಲದೆ ತಲೆಯಲ್ಲೇ ವಾಲ್ಟ್ಸ್ ಕಟ್ಟಿ, ಮನೆಗೆ ಬಂದು ನುಡಿಸಿತಂತೆ.

ಧಾರವಾಡ_ಪೇಡ:
ಹಾಗಾದರೆ ಕೊನೆಯ ಭಾಗ ಹಸಿರಲ್ಲಿ ಮುಗಿಯುತ್ತದೆ. ಎ ಮೈನರ್‌ನಲ್ಲಿ ಹೊರಟ ಸೊನಾಟಾ ಕೊನೆಗೆ ಎ ಮೇಜರ್‌ಗೆ ಬಂದು ನಿಲ್ಲುತ್ತದಲ್ಲ.

ನೆಟ್ಟಗೆ_ಹೇಳ್ತೀನಿ:
ಮೂರನೇ ಭಾಗ ಇವತ್ತು ಇನ್ನೊಂದು ಸಲ ಕೇಳಿದೆ. ಬಸ್ಸಿನಲ್ಲಿ. ಇಳಿಯುವ ಸ್ಟಾಪ್ ದಾಟಿ ಹೋಯಿತು. ಬ್ರಾಮ್ಸ್ ವಿಷಯದಲ್ಲಿ ನನ್ನ ಮಾತು ಹಿಂದಕ್ಕೆ ತೆಗೆದುಕೊಂಡಿಲ್ಲ, ಸುಮ್ನೆ ಹೇಳಿದೆ.

ಕಪ್ಪುಬಿಳಿ_ಮನೆ:
ವರದಿ. ಮುಚ್ಚಳ ಮುಚ್ಚಿದೆ, ಮೇಲೆ ಒಂದು ಕಂಬಳಿ ಹಾಸಿದೆ. ಎಡಗೈ ಒಂದನ್ನೇ ಇಟ್ಟುಕೊಂಡು ಮೊದಲ ಭಾಗ ಪೂರ್ತಿ ನುಡಿಸಿದೆವು. ಅವಳು ಕೆಳಗಿನ ತಂತಿಯಲ್ಲಿ ಏನು ನುಡಿಸುತ್ತಿದ್ದಾಳೆ ಅಂತ ನನಗೆ ಇವತ್ತೇ ಕೇಳಿದ್ದು. ಒಂದು ಕಡೆ ನಾನು ಆಗಲೇ ಹೇಳಿ ಮುಗಿಸಿದ ಸಾಲನ್ನು ಅವಳು ಮತ್ತೆ ಎತ್ತಿಕೊಳ್ಳುತ್ತಾಳೆ. ಎರಡು ತಿಂಗಳಿಂದ ಆ ಜಾಗದಲ್ಲಿ ನಾನು ಪೆಡಲ್ ಒತ್ತಿಕೊಂಡು ಕೂತಿದ್ದೆ.

ಕಮಾನು_ಕೆಳಗಿಟ್ಟವಳು:
ಕಂಬಳಿ ತೆಗೆಯಬಹುದು. ಈಗ ಸ್ವಲ್ಪ ಮಂಕಾಯಿತು.

ಕಪ್ಪುಬಿಳಿ_ಮನೆ:
ನೋಡಿದಿರಾ ಇವಳನ್ನು? 

ಮುಂದಿನ ತಿಂಗಳು ಎರಡನೇ ಭಾನುವಾರ ಮನೆಯಲ್ಲೇ ಹತ್ತು ಜನಕ್ಕೆ ನುಡಿಸುತ್ತೇವೆ. ಬಿಸಿ ಬೋಂಡ ಇರುತ್ತದೆ. ಪುಟ ತಿರುಗಿಸಲು ಒಬ್ಬರು ಬೇಕು, ಸ್ಕೆರ್ಟ್ಸೊದಲ್ಲಿ ನನಗೆ ಒಂದು ಬೆರಳೂ ಬಿಡುವಿಲ್ಲ.

ಶ್ರುತಿ_ತಪ್ಪಿದವ:
ನಾನು ಬರುತ್ತೇನೆ. ಆದರೆ ನನಗೆ ಸ್ವರಲಿಪಿ ಓದಲು ಬರುವುದಿಲ್ಲ.

ಕಪ್ಪುಬಿಳಿ_ಮನೆ:
ನಾನು ತಲೆ ಆಡಿಸಿದಾಗ ತಿರುಗಿಸಿದರೆ ಸಾಕು.

ಕಮಾನು_ಕೆಳಗಿಟ್ಟವಳು:
ಅವಳು ಚೆನ್ನಾಗಿ ಬಂದಾಗಲೂ ತಲೆ ಆಡಿಸುತ್ತಾಳೆ. ನನ್ನನ್ನು ನೋಡಿ ತಿರುಗಿಸಿ.